ಆಕೃತಿ ಪಾಠಕ್ಕೆ ಏನು ತರಬೇಕು? ಡಬ್ಬಿ, ಮಣ್ಣು, ಕಡ್ಡಿ, ಕಾಗದ, ಕಿಟ್, ಮೊಬೈಲ್: ಒಂದು ಹೋಲಿಕೆ

ಶಾಲೆ ಶುರುವಾಗುವ ಹೊತ್ತಿಗೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ಒಂದರಿಂದ ಐದನೇ ಕ್ಲಾಸಿನ ಮಕ್ಕಳಿಗೆ ಘನ, ಆಯತಘನ, ಸಿಲಿಂಡರ್, ಶಂಕು, ಗೋಳ ಕಲಿಸಬೇಕು. ಜೊತೆಗೆ ತ್ರಿಭುಜ, ಚೌಕ, ಆಯತ, ವೃತ್ತ. ಇದಕ್ಕೆ ಪ್ಲಾಸ್ಟಿಕ್ ಸೆಟ್ ತರಿಸುವುದಾ, ಮನೆಯ ಡಬ್ಬಿಗಳೇ ಸಾಕಾ? ಥರ್ಮೊಕೋಲ್‌ನಲ್ಲಿ ಮಾಡಿ ಗೋಡೆಗೆ ತೂಗುಹಾಕುವುದಾ? ಮೊಬೈಲಿನಲ್ಲಿ ತೋರಿಸಿದರೆ ಮಕ್ಕಳು ಬೇಗ ಹಿಡಿಯುತ್ತಾರಾ? ಕೇಳುವವರಲ್ಲಿ ಮೇಷ್ಟ್ರು, ಟೀಚರುಗಳಿದ್ದಾರೆ. ಸಂಜೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಡುವ ಅಪ್ಪ ಅಮ್ಮಂದಿರೂ ಇದ್ದಾರೆ.

ಎಲ್ಲರಿಗೂ ಒಂದೇ ಉತ್ತರ ಇಲ್ಲ. ಆದರೆ ನನ್ನ ಒಲವು ಯಾವ ಕಡೆ ಅಂತ ಮೊದಲೇ ಹೇಳಿಬಿಡುತ್ತೇನೆ. ಮಗು ಬಿಚ್ಚಲಾಗದ, ಕತ್ತರಿಸಲಾಗದ, ಮತ್ತೆ ಕಟ್ಟಲಾಗದ ಸಾಮಾನಿಗೆ ಮೊದಲ ದುಡ್ಡು ಹಾಕಬೇಡಿ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಆರಿಸುವ ಮುಂಚೆ ಏನು ನೋಡಬೇಕು

ಮೊದಲು ಮಗು ಎಲ್ಲಿದೆ ಅಂತ ತಿಳಿಯಬೇಕು. ನೆದರ್ಲೆಂಡ್ಸಿನ ಪಿಯರೆ ವಾನ್ ಹೀಲೆ ಮತ್ತು ಡೀನಾ ವಾನ್ ಹೀಲೆ ಎಂಬ ದಂಪತಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ಮಕ್ಕಳು ರೇಖಾಗಣಿತದಲ್ಲಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ ಅಂತ ನೋಡಿ, 1957ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಇಬ್ಬರೂ ಪ್ರಬಂಧ ಬರೆದರು. ಅವರ ಪ್ರಕಾರ ಕಲಿಕೆಗೆ ಮೆಟ್ಟಿಲುಗಳಿವೆ. ಮೊದಲನೆಯದರಲ್ಲಿ ಮಗು ಒಟ್ಟು ನೋಟದಿಂದ ಹೆಸರು ಹೇಳುತ್ತದೆ. 'ಇದು ಬಾಗಿಲಿನ ಥರ ಇದೆ, ಹಾಗಾಗಿ ಆಯತ.' ಎರಡನೆಯದರಲ್ಲಿ ಗುಣಗಳನ್ನು ಗಮನಿಸುತ್ತದೆ. 'ನಾಲ್ಕು ಬಾಹು, ನಾಲ್ಕೂ ಮೂಲೆ ನೆಟ್ಟಗೆ.' ಮೂರನೆಯದರಲ್ಲಿ ಗುಣಗಳನ್ನು ಒಂದಕ್ಕೊಂದು ಜೋಡಿಸುತ್ತದೆ, ಚೌಕವೂ ಒಂದು ಬಗೆಯ ಆಯತ ಅಂತ ಒಪ್ಪುತ್ತದೆ. ಮೆಟ್ಟಿಲು ಹಾರಿಸಿ ಹೇಳಿಕೊಟ್ಟರೆ ಮಗು ಬಾಯಿಪಾಠ ಮಾಡುತ್ತದೆ, ಅಷ್ಟೇ. ಪ್ರಾಥಮಿಕ ಶಾಲೆಯ ಕೆಲಸ ಮುಖ್ಯವಾಗಿ ಮೊದಲನೆಯದರಿಂದ ಎರಡನೆಯದಕ್ಕೆ ಹತ್ತಿಸುವುದು. ಹಾಗಾಗಿ ಯಾವ ಸಾಮಾನು ಹೆಸರು ಹೇಳಿಸಿ ಅಲ್ಲಿಗೇ ನಿಲ್ಲುತ್ತದೆ, ಯಾವುದು ಗುಣ ಎಣಿಸುವಂತೆ ಮಾಡುತ್ತದೆ ಅನ್ನುವುದೇ ನನ್ನ ಮೊದಲ ಪರೀಕ್ಷೆ.

ಎರಡನೆಯದು, ಘನಾಕೃತಿಗೂ (ಡಬ್ಬಿ, ಚೆಂಡಿನ ಥರ ಕೈಯಲ್ಲಿ ಹಿಡಿಯುವಂಥದ್ದು) ಸಮತಲಾಕೃತಿಗೂ (ಕಾಗದದ ಮೇಲೆ ಬರೆಯುವ ಚಪ್ಪಟೆ ಆಕಾರ) ಇರುವ ನಂಟು ಅದರಲ್ಲಿ ಕಾಣಬೇಕು. ಬಹಳ ಕಡೆ ಇವೆರಡನ್ನೂ ಬೇರೆ ಬೇರೆ ಪಾಠವಾಗಿ ಮುಗಿಸುತ್ತಾರೆ. ಅದಕ್ಕೇ ಮಗು ಚೆಂಡನ್ನು ತೋರಿಸಿ 'ವೃತ್ತ' ಅನ್ನುತ್ತದೆ, ಬೆಂಕಿಪೊಟ್ಟಣ ತೋರಿಸಿ 'ಆಯತ' ಅನ್ನುತ್ತದೆ. ಬೆಂಕಿಪೊಟ್ಟಣದ ಒಂದು ಮುಖ ಮಾತ್ರ ಆಯತ, ಪೂರ್ತಿ ಪೊಟ್ಟಣ ಆಯತಘನ. ಈ ವ್ಯತ್ಯಾಸ ಮಾತಲ್ಲಿ ಹೇಳಿದರೆ ನಿಲ್ಲುವುದಿಲ್ಲ. ಅಚ್ಚೊತ್ತಬೇಕು, ಬಿಚ್ಚಬೇಕು, ಕತ್ತರಿಸಬೇಕು.

ಮೂರನೆಯದು, ಎಲ್ಲ ಮಕ್ಕಳ ಕೈಗೂ ಒಂದೇ ಹೊತ್ತಿಗೆ ಸಿಗುತ್ತದಾ? ನಲವತ್ತು ಮಕ್ಕಳ ಕ್ಲಾಸಿನಲ್ಲಿ ಒಂದೇ ಶಂಕು ಇದ್ದರೆ ಮೂವತ್ತೊಂಬತ್ತು ಮಕ್ಕಳು ನೋಡುಗರು. ಇನ್ನು ದುಡ್ಡು, ತಯಾರಿಯ ಸಮಯ, ಇಡುವ ಜಾಗ. ಇಲಿ ಮತ್ತು ಮಳೆಗಾಲದ ತೇವವನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಲೆನಾಡಿನ ಶಾಲೆಯಲ್ಲಿ ರಟ್ಟಿನ ಡಬ್ಬಿ ಆಗಸ್ಟ್ ದಾಟುವುದು ಕಷ್ಟ.

ಮನೆಯ ಡಬ್ಬಿಗಳು: ಖರ್ಚಿಲ್ಲ, ಆದರೆ ಆರಿಸಿ ತರಬೇಕು

ಪೇಸ್ಟಿನ ಡಬ್ಬಿ, ಸೋಪಿನ ಡಬ್ಬಿ, ಬೆಂಕಿಪೊಟ್ಟಣ, ಲೂಡೋ ದಾಳ, ಗೋಲಿ, ಪೌಡರ್ ಡಬ್ಬಿ, ಹುಟ್ಟುಹಬ್ಬದ ಟೋಪಿ. 'ನಾಳೆ ಮನೆಯಿಂದ ಒಂದೊಂದು ತನ್ನಿ' ಅಂದರೆ ಸಂಜೆಯೊಳಗೆ ಒಂದು ಚೀಲ ತುಂಬುತ್ತದೆ. ಇಷ್ಟು ಸುಲಭವಾಗಿ ಇಡೀ ಕ್ಲಾಸಿಗೆ ಸಾಮಾನು ಒದಗಿಸುವ ದಾರಿ ಬೇರೊಂದಿಲ್ಲ.

ಇದರ ದೊಡ್ಡ ಬಲ ಬಿಚ್ಚುವುದು. ಪೇಸ್ಟಿನ ಡಬ್ಬಿಯ ಅಂಟು ಬಿಡಿಸಿ ನೆಲದ ಮೇಲೆ ಹರಡಿದರೆ ಜಾಲಾಕೃತಿ ಸಿಗುತ್ತದೆ, ಅಂದರೆ ಮಡಚಿದರೆ ಮತ್ತೆ ಡಬ್ಬಿಯಾಗುವ ಚಪ್ಪಟೆ ಆಕಾರ. ಒಳಗೆ ಮಡಚಿದ ಅಂಟಿನ ಪಟ್ಟಿಗಳನ್ನು ಮೊದಲೇ ಕತ್ತರಿಸಿ ತೆಗೆಯಿರಿ, ಇಲ್ಲದಿದ್ದರೆ ಮಕ್ಕಳು ಅವನ್ನೂ ಮುಖ ಅಂತ ಎಣಿಸುತ್ತಾರೆ. ಉಳಿಯುವುದು ಆರು ಆಯತ, ಎದುರುಬದುರಿನವು ಒಂದೇ ಅಳತೆ. ಪುಟ್ಟ ಮಕ್ಕಳಿಗಾದರೆ ಡಬ್ಬಿಯ ಒಂದು ಮುಖಕ್ಕೆ ಬಣ್ಣ ಬಳಿದು ಕಾಗದದ ಮೇಲೆ ಒತ್ತಿಸಿ. ಡಬ್ಬಿ ಎತ್ತಿದಾಗ ಉಳಿಯುವ ಗುರುತೇ ಆಯತ. ಪೌಡರ್ ಡಬ್ಬಿಯ ತಳ ಒತ್ತಿದರೆ ವೃತ್ತ. ಗೋಲಿ ಒತ್ತಿದರೆ ಬರೀ ಚುಕ್ಕಿ. ಯಾಕೆ ಚುಕ್ಕಿ ಅಂತ ಮಕ್ಕಳೇ ವಾದ ಶುರು ಮಾಡುತ್ತಾರೆ, ಬಿಟ್ಟುಬಿಡಿ.

ಹುಟ್ಟುಹಬ್ಬದ ಟೋಪಿ ಬಿಚ್ಚುವ ಮುಂಚೆ 'ಏನು ಬರುತ್ತೆ?' ಅಂತ ಕೇಳಿ. ಹೆಚ್ಚಿನವರು ತ್ರಿಭುಜ ಅನ್ನುತ್ತಾರೆ. ಬರುವುದು ವೃತ್ತದ ಒಂದು ಹೋಳು. ಇನ್ನು ಮೂಸಂಬಿ ಸಿಪ್ಪೆ. ಅದನ್ನು ಸಪಾಟಾಗಿ ಹರಡಲು ಹೋದರೆ ಹರಿಯುತ್ತದೆ. ಗೋಳಕ್ಕೆ ಜಾಲಾಕೃತಿ ಇಲ್ಲ ಅನ್ನುವುದು ಹೀಗೆ ಕೈಗೇ ಗೊತ್ತಾಗುತ್ತದೆ.

ತೊಂದರೆ ಎಲ್ಲಿ ಅಂದರೆ, ಮನೆಯ ಸಾಮಾನುಗಳು ಪೂರ್ತಿ ಸತ್ಯ ಹೇಳುವುದಿಲ್ಲ. ಸ್ಟೀಲ್ ಲೋಟವನ್ನು ಸಿಲಿಂಡರ್ ಅನ್ನುತ್ತೇವೆ. ಸುಮಾರು ಲೋಟಗಳ ಬಾಯಿ ತಳಕ್ಕಿಂತ ಅಗಲ, ಅಂದರೆ ತುದಿ ಕತ್ತರಿಸಿ ತಲೆಕೆಳಗೆ ಇಟ್ಟ ಶಂಕು. ಪಾವು, ಸೇರಿನ ಅಳತೆ ಪಾತ್ರೆ ಲೋಟಕ್ಕಿಂತ ವಾಸಿ. ದೇವಸ್ಥಾನದ ಗೋಪುರ ಪಿರಮಿಡ್ ಅನ್ನುವುದೂ ಹೀಗೇ. ಅದರ ನೆತ್ತಿ ಚೂಪಾಗಿ ಒಂದು ಬಿಂದುವಿಗೆ ಬಂದು ಸೇರುವುದಿಲ್ಲ. ಮೊಟ್ಟೆ ಗೋಳವಲ್ಲ, ಬುಗುರಿ ಶಂಕುವಲ್ಲ. ಇಂಥವನ್ನು ದೂರ ಇಡಬೇಕಾಗಿಲ್ಲ. ಮೂರನೇ ಕ್ಲಾಸಿನ ಮೇಲೆ 'ಇದು ಯಾಕೆ ಸಿಲಿಂಡರ್ ಅಲ್ಲ?' ಅಂತ ಕೇಳಲು ಲೋಟಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಆದರೆ ಮೊದಲ ಪರಿಚಯಕ್ಕೆ ಬೇಡ.

ಇನ್ನೊಂದು ಕೊರತೆ, ಡಬ್ಬಿಗಳಲ್ಲಿ ಆಯತಘನ ರಾಶಿ ಬೀಳುತ್ತದೆ. ಘನ ಅಪರೂಪ, ಪಿರಮಿಡ್ ಅಂತೂ ಸಿಗುವುದೇ ಇಲ್ಲ. ಊದುಬತ್ತಿಯ ಆರು ಮೂಲೆಯ ಕೊಳವೆ ಡಬ್ಬಿ ಸಿಕ್ಕರೆ ಎತ್ತಿಡಿ, ಷಡ್ಭುಜ ಪಟ್ಟಕಕ್ಕೆ (ಆರು ಮೂಲೆಯ ತಳದ, ಕಂಬದಂಥ ಆಕೃತಿ) ಅದೇ ಆಗುತ್ತದೆ.

ಮಣ್ಣು, ಹಿಟ್ಟು: ಕತ್ತರಿಸಲು ಇದೇ ಬೇಕು

ಊರಿನಲ್ಲಿ ಜೇಡಿಮಣ್ಣು ಪುಕ್ಕಟೆ. ಪಟ್ಟಣದಲ್ಲಿ ಅಂಗಡಿಯ ಬಣ್ಣದ ಜೇಡಿಗಿಂತ ಉಪ್ಪು ಹಾಕಿ ಕಲಸಿದ ಮೈದಾ ಅಗ್ಗ. ಉಂಡೆ ಕಟ್ಟಿದರೆ ಗೋಳ. ಉಂಡೆಯನ್ನು ಅಂಗೈಯಲ್ಲಿ ಉರುಳಿಸಿ ಎರಡು ತುದಿ ತಟ್ಟಿದರೆ ಸಿಲಿಂಡರ್. ಒಂದೇ ತುದಿ ಚೂಪು ಮಾಡಿದರೆ ಶಂಕು. ಒಂದು ಆಕೃತಿ ಇನ್ನೊಂದಾಗುವುದನ್ನು ಮಗುವಿನ ಬೆರಳೇ ಮಾಡುತ್ತದೆ. ಒಂದನೇ, ಎರಡನೇ ಕ್ಲಾಸಿಗೆ ಡಬ್ಬಿ ಬಿಟ್ಟರೆ ಇದೇ.

ನಾಲ್ಕು, ಐದನೇ ಕ್ಲಾಸಿನಲ್ಲಿ ಮಣ್ಣನ್ನು ಮರೆತೇ ಬಿಡುತ್ತಾರೆ. ಅದು ನಷ್ಟ. ಮಣ್ಣಿನ ಸಿಲಿಂಡರನ್ನು ದಾರದಿಂದ ಅಡ್ಡಕ್ಕೆ ಕತ್ತರಿಸಿದರೆ ವೃತ್ತ. ನೆಟ್ಟಗೆ ಮೇಲಿನಿಂದ ಕೆಳಕ್ಕೆ ಸೀಳಿದರೆ ಆಯತ. ಓರೆಯಾಗಿ ಕತ್ತರಿಸಿದರೆ ಮೊಟ್ಟೆಯಾಕಾರ. ಘನದ ಒಂದು ಮೂಲೆ ಹಾರಿಸಿದರೆ ತ್ರಿಭುಜ. ಸ್ವಲ್ಪ ಕಸರತ್ತು ಮಾಡಿದರೆ ಅದೇ ಘನದಲ್ಲಿ ಪಂಚಭುಜ, ಷಡ್ಭುಜವೂ ಬರುತ್ತವೆ. ಮಣ್ಣು ಬೇಡವಾದರೆ ಸೌತೆಕಾಯಿ, ಬಟ್ಟೆ ಸೋಪು ಆಗುತ್ತದೆ. ಸೌತೆಕಾಯಿಯ ಪಾಠ ಆದಮೇಲೆ ಏನೂ ಉಳಿಯುವುದಿಲ್ಲ ಅನ್ನುವುದು ಬೇರೆ ಮಾತು.

ಮಣ್ಣಿನಿಂದ ಆಗದ್ದು ಎಣಿಕೆ. ಮಗು ಮಾಡಿದ ಘನದ ಅಂಚು ಮೊಂಡಾಗಿರುತ್ತದೆ. ಎಂಟು ಶೃಂಗ (ಮೂಲೆ) ತೋರಿಸು ಅಂದರೆ ಅದಕ್ಕೂ ಗೊಂದಲ, ನಮಗೂ ಗೊಂದಲ. ಕ್ಲಾಸು ಗುಡಿಸುವ ಕೆಲಸ ಬೇರೆ ಇದೆ. ನೀರಿನ ಅನುಕೂಲ ಇಲ್ಲದ ಕೋಣೆಯಲ್ಲಿ ಮೂವತ್ತು ಮಕ್ಕಳಿಗೆ ಮಣ್ಣು ಕೊಡುವ ಸಾಹಸ ಬೇಡ, ಅಂಗಳಕ್ಕೆ ಕರೆದುಕೊಂಡು ಹೋಗಿ.

ಕಡ್ಡಿ ಮತ್ತು ವಾಲ್ವ್ ಟ್ಯೂಬ್: ಅಂಚು, ಶೃಂಗ ಎಣಿಸಲು

ದುಡ್ಡು ಖರ್ಚು ಮಾಡುವುದಾದರೆ ನಾನು ಮೊದಲು ಇಲ್ಲಿಗೆ ಹಾಕುತ್ತೇನೆ. ಅದೂ ನೂರಿನ್ನೂರು ರೂಪಾಯಿಯ ವಿಷಯ.

ಬೆಂಕಿಕಡ್ಡಿಯನ್ನು ಸೈಕಲ್ ವಾಲ್ವ್ ಟ್ಯೂಬಿನ (ಸಣ್ಣ ರಬ್ಬರ್ ಕೊಳವೆ) ತುಂಡುಗಳಿಂದ ಜೋಡಿಸುವ ಈ ವಿಧಾನವನ್ನು ಜನಪ್ರಿಯ ಮಾಡಿದವರು ಅರವಿಂದ ಗುಪ್ತಾ. ಐಐಟಿ ಕಾನ್ಪುರದಲ್ಲಿ ಓದಿದ ಎಂಜಿನಿಯರ್. 1970ರ ದಶಕದ ಕೊನೆಯಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಹಳ್ಳಿ ಶಾಲೆಗಳ ವಿಜ್ಞಾನ ಕಾರ್ಯಕ್ರಮದಲ್ಲಿ ಕೆಲಸ ಮಾಡುವಾಗ ಇದು ಹುಟ್ಟಿತು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಮಾಡುವುದು ಹೀಗೆ. ಕಡ್ಡಿಯ ತಲೆಯ ಮದ್ದನ್ನು ಕೆರೆದು ತೆಗೆಯಿರಿ. ಇದನ್ನು ದೊಡ್ಡವರೇ ಮಾಡಬೇಕು. ವಾಲ್ವ್ ಟ್ಯೂಬನ್ನು ಚಿಕ್ಕ ಚಿಕ್ಕ ತುಂಡು ಮಾಡಿ. ಒಂದು ತುಂಡಿಗೆ ಎರಡು ಬದಿಯಿಂದ ಕಡ್ಡಿ ತೂರಿಸಿದರೆ ಎರಡು ಕಡ್ಡಿಯ ಕೀಲು. ಮಧ್ಯೆ ಜಾಲಿಮುಳ್ಳಿನಿಂದ ತೂತು ಮಾಡಿ ಮೂರನೆಯದನ್ನು ಚುಚ್ಚಿದರೆ ಮೂರು ಕಡ್ಡಿಯ ಕೀಲು. ಒಂದು ಘನಕ್ಕೆ 12 ಕಡ್ಡಿ, 8 ಕೀಲು. ನಾಲ್ಕು ಮುಖದ ಪಿರಮಿಡ್ಡಿಗೆ 6 ಕಡ್ಡಿ, 4 ಕೀಲು. ನಾಲ್ಕು ಮಕ್ಕಳಿಗೆ ಒಂದು ಘನ ಅಂತ ಲೆಕ್ಕ ಹಾಕಿದರೆ ನಲವತ್ತು ಮಕ್ಕಳಿಗೆ 120 ಕಡ್ಡಿ, 80 ಕೀಲು. ಮೂರು ನಾಲ್ಕು ಬೆಂಕಿಪೊಟ್ಟಣದಲ್ಲಿ ಮುಗಿಯುತ್ತದೆ. ವಾಲ್ವ್ ಟ್ಯೂಬ್ ಸಿಗದಿದ್ದರೆ ರಾತ್ರಿ ನೆನೆಸಿದ ಕಾಬೂಲಿ ಕಡಲೆ ಮತ್ತು ಟೂತ್‌ಪಿಕ್. ಒಣಗಿದಾಗ ಕಡಲೆ ಕಡ್ಡಿಯನ್ನು ಬಿಗಿಯಾಗಿ ಹಿಡಿಯುತ್ತದೆ. ಮನೆಯಲ್ಲಿ ಒಂದೇ ಮಗುವಿಗಾದರೆ ಇದು ಇನ್ನೂ ಸಲೀಸು.

ಇದರಲ್ಲಿ ಎಣಿಕೆ ತಾನಾಗಿಯೇ ಬರುತ್ತದೆ. 'ಘನಕ್ಕೆ ಎಷ್ಟು ಅಂಚು?' ಅನ್ನುವುದನ್ನು ಪ್ರಶ್ನೋತ್ತರವಾಗಿ ಕಲಿಸುವ ಬದಲು 'ನಿಮ್ಮ ಗುಂಪಿಗೆ ಎಷ್ಟು ಕಡ್ಡಿ ಬೇಕು, ಲೆಕ್ಕ ಹಾಕಿ ಬಂದು ಕೇಳಿ' ಅನ್ನಿ. ಕಡಿಮೆ ಕೇಳಿದ ಗುಂಪಿಗೆ ಘನ ಪೂರ್ತಿ ಆಗುವುದಿಲ್ಲ. ಇನ್ನೊಂದು ಲಾಭ, ತ್ರಿಭುಜ ಗಟ್ಟಿ ನಿಲ್ಲುತ್ತದೆ, ಚೌಕ ಓಲಾಡುತ್ತದೆ. ಚೌಕವನ್ನು ಒಂದು ಬದಿಗೆ ವಾಲಿಸಿದರೆ ವಜ್ರಾಕೃತಿ. ಬಾಹುಗಳ ಅಳತೆ ಬದಲಾಗಲಿಲ್ಲ, ಆದರೂ ಚೌಕ ಹೋಯಿತು. ಹಾಗಾದರೆ ಚೌಕ ಆಗಲು ಬಾಹು ಸಮ ಇದ್ದರೆ ಸಾಲದು, ಮೂಲೆಯೂ ನೆಟ್ಟಗಿರಬೇಕು. ಎರಡನೇ ಮೆಟ್ಟಿಲು ಅಂದೆನಲ್ಲ, ಅದು ಇಲ್ಲಿ ನಡೆಯುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇದನ್ನು ತೋರಿಸುವ ಬೇರೆ ಸಾಮಾನು ನಾನು ಕಂಡಿಲ್ಲ.

ಐದನೇ ಕ್ಲಾಸಿನ ಚುರುಕು ಮಕ್ಕಳಿಗೆ ಒಂದು ಆಟ. ಮುಖ ಮತ್ತು ಶೃಂಗ ಕೂಡಿಸಿ, ಅಂಚು ಕಳೆಯಿರಿ. ಘನಕ್ಕೆ 6 + 8 − 12. ಚೌಕ ತಳದ ಪಿರಮಿಡ್ಡಿಗೆ 5 + 5 − 8. ತ್ರಿಭುಜ ಪಟ್ಟಕಕ್ಕೆ 5 + 6 − 9. ಎಲ್ಲದರಲ್ಲೂ 2. ಗಣಿತಜ್ಞ ಆಯ್ಲರ್ ಇದನ್ನು 1750ರಲ್ಲಿ ಗೆಳೆಯ ಗೋಲ್ಡ್‌ಬಾಕ್‌ಗೆ ಪತ್ರದಲ್ಲಿ ಬರೆದಿದ್ದ. ಸೂತ್ರ ಹೇಳಬೇಡಿ, ಪಟ್ಟಿ ಮಾಡಿಸಿ, 'ಏನಾದರೂ ಕಾಣುತ್ತಾ?' ಅನ್ನಿ.

ಕಡ್ಡಿಯ ಮಿತಿಯೂ ಸ್ಪಷ್ಟ. ಸಿಲಿಂಡರ್, ಶಂಕು, ಗೋಳ ಆಗುವುದೇ ಇಲ್ಲ. ಮುಖಗಳು ಖಾಲಿ ಇರುವುದರಿಂದ ಕೆಲವು ಮಕ್ಕಳಿಗೆ ಮುಖ ಅಂದರೆ ಏನು ಅಂತ ಕಾಣುವುದಿಲ್ಲ. ಅವರಿಗೆ ಕಾಗದದ ಚೌಕ ಕತ್ತರಿಸಿ ಅಂಟಿಸಲು ಹೇಳಬಹುದು. ಮೂರನೇ ಕ್ಲಾಸಿಗಿಂತ ಕೆಳಗಿನವರ ಬೆರಳಿಗೆ ಕೀಲು ಜೋಡಿಸುವುದು ಕಷ್ಟ.

ಕಾಗದ: ಅಗ್ಗ, ಆದರೆ ಸಮಯ ತಿನ್ನುತ್ತದೆ

ಕಾಗದ ಮಡಚಿ ರೇಖಾಗಣಿತ ಕಲಿಸಬಹುದು ಅಂತ ಮದ್ರಾಸಿನಲ್ಲಿ 1893ರಲ್ಲೇ ಒಬ್ಬರು ಪುಸ್ತಕ ಬರೆದಿದ್ದರು, ಟಿ. ಸುಂದರ ರಾವ್. ಜರ್ಮನಿಯ ಫ್ರೋಬೆಲ್ ಶುರು ಮಾಡಿದ ಶಿಶುವಿಹಾರದ ಕಾಗದದಾಟ ಅವರಿಗೆ ಪ್ರೇರಣೆ. ಮಕ್ಕಳ ಆಟದಿಂದ ಹೊರಟು ಕಠಿಣ ಗಣಿತದವರೆಗೆ ಹೋದ ಆ ಕೆಲಸ ಯುರೋಪಿನ ಗಣಿತಜ್ಞರ ಕಣ್ಣಿಗೂ ಬಿತ್ತು.

ಪ್ರಾಥಮಿಕಕ್ಕೆ ಕಾಗದದಿಂದ ಮೂರು ಕೆಲಸ. ಒಂದು, ಮಡಚುವುದು. ಚೌಕ ಕಾಗದವನ್ನು ಮೂಲೆಯಿಂದ ಮೂಲೆಗೆ ಮಡಚಿದರೆ ತ್ರಿಭುಜ, ನಡುವೆ ಮಡಚಿದರೆ ಆಯತ, ಸಮಮಿತಿಯೂ (ಎರಡು ಬದಿ ಒಂದರ ಮೇಲೊಂದು ಸರಿಯಾಗಿ ಕೂರುವುದು) ಜೊತೆಗೇ ಬರುತ್ತದೆ. ಎರಡು, ಟ್ಯಾನ್‌ಗ್ರಾಮ್ ಎಂಬ ತುಂಡು ಜೋಡಿಸುವ ಆಟ. ಒಂದು ಚೌಕದಿಂದ 7 ತುಂಡು: 5 ತ್ರಿಭುಜ, 1 ಚೌಕ, 1 ಸಮಾಂತರ ಚತುರ್ಭುಜ. ಮದುವೆ ಕಾಗದದ ದಪ್ಪ ರಟ್ಟಿನಲ್ಲಿ ಕತ್ತರಿಸಿದರೆ ವರ್ಷ ಬಾಳುತ್ತದೆ. ಮೂರು, ಘನದ ಜಾಲಾಕೃತಿ.

ಇದರಲ್ಲಿ ಒಂದು ಆಯ್ಕೆ ಇದೆ. ಅಚ್ಚು ಹಾಕಿದ ಜಾಲಾಕೃತಿ ಕೊಟ್ಟು ಕತ್ತರಿಸಿ ಅಂಟಿಸಿಸುವುದು ಒಂದು ದಾರಿ. ಚೌಕುಳಿ ಪುಸ್ತಕದ ಹಾಳೆ ಕೊಟ್ಟು 'ಆರು ಚೌಕ ಅಂಟಿಕೊಂಡಿರಬೇಕು, ಮಡಚಿದರೆ ಮುಚ್ಚಿದ ಡಬ್ಬಿ ಆಗಬೇಕು' ಅನ್ನುವುದು ಇನ್ನೊಂದು. ಮೊದಲನೆಯದು ಕರಕುಶಲದ ಪೀರಿಯಡ್ ಆಗಿಬಿಡುತ್ತದೆ. ಚೆಂದದ ಡಬ್ಬಿ ಬರುತ್ತದೆ, ಯೋಚನೆ ಕಡಿಮೆ. ಎರಡನೆಯದರಲ್ಲಿ ಅರ್ಧಕ್ಕರ್ಧ ತಪ್ಪುತ್ತವೆ, ಎರಡು ಚೌಕ ಒಂದರ ಮೇಲೊಂದು ಬಂದು ಕೂರುತ್ತವೆ. ಯಾಕೆ ಕೂತವು ಅಂತ ಹುಡುಕುವುದೇ ಪಾಠ. ತಿರುಗಿಸಿದ್ದು, ಮಗುಚಿದ್ದು ಬೇರೆ ಅಂತ ಎಣಿಸದಿದ್ದರೆ ಆರು ಚೌಕಗಳನ್ನು 35 ಬಗೆಯಲ್ಲಿ ಜೋಡಿಸಬಹುದು. ಅದರಲ್ಲಿ ಘನ ಆಗುವುದು 11 ಮಾತ್ರ. ಎಲ್ಲ 11 ಒಂದೇ ದಿನ ಸಿಗಬೇಕಾಗಿಲ್ಲ. ಗೋಡೆಯ ಮೇಲೆ ಒಂದು ಚಾರ್ಟ್ ಅಂಟಿಸಿಡಿ, ಹೊಸದು ಸಿಕ್ಕಿದವರು ಹೆಸರು ಬರೆದು ಸೇರಿಸಲಿ.

ಮೂರನೇ ಕ್ಲಾಸಿನವರೆಗೆ ಕತ್ತರಿಯ ಕೆಲಸ ಮಿತವಾಗಿರಲಿ. ಓರೆಯಾಗಿ ಕತ್ತರಿಸಿದ ಘನ ಮುಚ್ಚುವುದಿಲ್ಲ, ಮಗು ಅಳುತ್ತದೆ, ನಾವೇ ಕೂತು ಅಂಟಿಸಬೇಕಾಗುತ್ತದೆ.

ಸಮತಲಾಕೃತಿಗೆ ಮಾತ್ರ: ಜಿಯೋಬೋರ್ಡ್ ಮತ್ತು ಚುಕ್ಕಿ ರಂಗೋಲಿ

ಹಲಗೆಗೆ 25 ಮೊಳೆ ಹೊಡೆದು ರಬ್ಬರ್ ಬ್ಯಾಂಡ್ ಹಾಕುವ ಜಿಯೋಬೋರ್ಡನ್ನು 1950ರ ದಶಕದಲ್ಲಿ ರೂಪಿಸಿದವರು ಗಣಿತ ಶಿಕ್ಷಣತಜ್ಞ ಕೇಲೆಬ್ ಗಟೆನ್ಯೋ. ಊರಿನ ಬಡಗಿಗೆ ಹೇಳಿದರೆ ಮಾಡಿಕೊಡುತ್ತಾರೆ. ಇದರ ಬಲ ತಿರುಗಿಸುವುದರಲ್ಲಿದೆ. ನಮ್ಮ ಪುಸ್ತಕ, ಚಾರ್ಟುಗಳಲ್ಲಿ ತ್ರಿಭುಜ ಯಾವಾಗಲೂ ತಳ ಕೆಳಗೆ ಹಾಕಿ ನೆಟ್ಟಗೆ ಕೂತಿರುತ್ತದೆ. ತಲೆಕೆಳಗೆ ಮಾಡಿದರೆ 'ಇದು ತ್ರಿಭುಜ ಅಲ್ಲ' ಅನ್ನುವ ಮಕ್ಕಳಿದ್ದಾರೆ. ಜಿಯೋಬೋರ್ಡನ್ನು ಸುಮ್ನೆ ತಿರುಗಿಸಿ ಹಿಡಿದರೆ ಆ ಭ್ರಮೆ ಕರಗುತ್ತದೆ. 25 ಮೊಳೆಯ ಹಲಗೆಯಲ್ಲಿ 8 ಬೇರೆ ಬೇರೆ ಅಳತೆಯ ಚೌಕ ಇವೆ: 4 ನೆಟ್ಟಗಿನವು, 4 ಓರೆಯವು. ಓರೆ ಚೌಕ ಹುಡುಕಿಸಿ, ಸಮಯ ಹೋದದ್ದೇ ಗೊತ್ತಾಗುವುದಿಲ್ಲ.

ಹಲಗೆಗೆ ದುಡ್ಡಿಲ್ಲವೇ? ಚುಕ್ಕಿ ರಂಗೋಲಿ ಇದೆಯಲ್ಲ. ನೇರ ಚುಕ್ಕಿ ಇಟ್ಟರೆ ಅದೇ ಜಿಯೋಬೋರ್ಡ್. ಸಂದು ಚುಕ್ಕಿಯಲ್ಲಿ ಏಳರಿಂದ ನಾಲ್ಕಕ್ಕೆ ಇಳಿಸಿದರೆ ಒಟ್ಟು ಆಕಾರವೇ ಷಡ್ಭುಜ, ಒಳಗೆಲ್ಲ ಮೂರೂ ಬಾಹು ಸಮ ಇರುವ ತ್ರಿಭುಜಗಳು. ಒಂದು ಸ್ವಾರಸ್ಯ ಇದೆ. ನೇರ ಚುಕ್ಕಿಗಳನ್ನು ಸೇರಿಸಿ ಮೂರೂ ಬಾಹು ಸಮನಾದ ತ್ರಿಭುಜ ಎಷ್ಟು ಹುಡುಕಿದರೂ ಬರುವುದಿಲ್ಲ. ಸರಿಯಾಗಿ ಇಟ್ಟ ಸಂದು ಚುಕ್ಕಿಯಲ್ಲಿ ಚೌಕ ಬರುವುದಿಲ್ಲ. ಹಾಗಾಗಿ ಜಿಯೋಬೋರ್ಡ್ ಒಂದೇ ಇದ್ದರೆ ಸಮಬಾಹು ತ್ರಿಭುಜ ನಿಮಗೆ ಸಿಗದು, ಎರಡು ಬಗೆಯ ಚುಕ್ಕಿಯೂ ಬೇಕು. ಬೆಳಿಗ್ಗೆ ಅಂಗಳದಲ್ಲಿ ಅಜ್ಜಿ, ಅಮ್ಮನ ಜೊತೆ ಕೂತ ಮಕ್ಕಳು ಇದರಲ್ಲಿ ನಮಗಿಂತ ಮುಂದಿರುತ್ತಾರೆ. ಹುಡುಗರ ಕೈಯಲ್ಲೂ ಚುಕ್ಕಿ ಇಡಿಸಿ.

ಇವೆರಡೂ ಘನಾಕೃತಿಗೆ ಉಪಯೋಗವಿಲ್ಲ. ಅದನ್ನು ತಿಳಿದೇ ತನ್ನಿ.

ಸಿದ್ಧ ಕಿಟ್, ಪ್ಲಾಸ್ಟಿಕ್ ಸೆಟ್

ಅಳತೆ ಕರಾರುವಾಕ್ಕು, ಮಳೆಗೆ ಹಾಳಾಗದು, ಶಂಕು, ಗೋಳ, ಪಿರಮಿಡ್ ಎಲ್ಲ ಇರುತ್ತವೆ. ಇಷ್ಟು ಅದರ ಒಳ್ಳೆಯದು. ಅಂಗಡಿ ಸೆಟ್ಟಿಗೆ ಕೆಲವು ನೂರು ರೂಪಾಯಿ, ಮರದ್ದಾದರೆ ಇನ್ನೂ ಜಾಸ್ತಿ. ಸರ್ಕಾರಿ ಶಾಲೆಯಾದರೆ ಗಣಿತ ಕಲಿಕಾ ಆಂದೋಲನದ ಕಿಟ್ ಆಗಲೇ ಬಂದಿರಬಹುದು, ಮೊದಲು ಬೀರು ತೆಗೆದು ನೋಡಿ. ಅದರಲ್ಲಿ ಜಾಲಾಕೃತಿ ಸಮೇತ ಘನಾಕೃತಿಗಳು, ಜಿಯೋಬೋರ್ಡ್ ಎಲ್ಲ ಸೇರಿರುತ್ತವೆ. ಹೀಗೆ ಇರುವಾಗ ಮತ್ತೆ ಕೊಳ್ಳುವುದು ದಂಡ.

ಹೊಸದಾಗಿ ಕೊಳ್ಳುವವರು ಬಣ್ಣ ನೋಡಿ ಮಾರುಹೋಗಬಾರದು. ಘನ ಕೆಂಪು, ಶಂಕು ಹಳದಿ, ಗೋಳ ಹಸಿರು ಅಂತ ಇದ್ದರೆ ಮಗು ಬಣ್ಣ ನೋಡಿ ಹೆಸರು ಹೇಳುತ್ತದೆ. ಮಾಂಟೆಸರಿ ಸೆಟ್ಟಿನ ಹತ್ತು ಘನಾಕೃತಿಗಳೂ ನೀಲಿ. ಬಣ್ಣ ಒಂದೇ ಆದಾಗ ಕಣ್ಣು ಆಕಾರಕ್ಕೇ ಹೋಗುತ್ತದೆ. 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟ ಮಾರಿಯಾ ಮಾಂಟೆಸರಿ, ಕೈಯಿಂದ ಮುಟ್ಟಿ ತಿಳಿಯುವುದಕ್ಕೆ ಕೊಟ್ಟ ಮಹತ್ವ ಗೊತ್ತೇ ಇದೆ. ಹಾಗೆಯೇ ಗಟ್ಟಿ ಸೆಟ್ಟಿಗಿಂತ ಪಾರದರ್ಶಕ, ಒಳಗೆ ಮಡಚುವ ಜಾಲಾಕೃತಿ ಇರುವ ಸೆಟ್ ಮೇಲು. ಬಿಚ್ಚಿ ಹರಡಬಹುದು, ನೀರು ತುಂಬಿ ನೋಡಬಹುದು.

'ಸಮತಲಾಕೃತಿ' ಅಂತ ಮಾರುವ ದಪ್ಪ ಪ್ಲಾಸ್ಟಿಕ್ ಚೌಕ, ತ್ರಿಭುಜಗಳ ಬಗ್ಗೆ ಒಂದು ಎಚ್ಚರಿಕೆ. ಅವಕ್ಕೂ ದಪ್ಪ ಇದೆ. ಕಳೆದ ವಾರ ಮುಖ ಎಣಿಸಲು ಕಲಿತ ಮಗು ಆ ಚೌಕಕ್ಕೂ ಆರು ಮುಖ ಅಂದರೆ ಬೈಯಬೇಡಿ, ಅದು ಹೇಳಿದ್ದೇ ಸರಿ. ತುಂಡನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆಸಿ, ಆ ಗೆರೆಯ ಚಿತ್ರವನ್ನು ಚೌಕ ಅನ್ನಿ.

ಥರ್ಮೊಕೋಲ್ ಮಾದರಿಗಳ ಬಗ್ಗೆ ಎರಡೇ ಮಾತು. ಅವು ಟೀಚರ ಕೈಚಳಕ ತೋರಿಸುತ್ತವೆ. ಮುಟ್ಟಿದರೆ ಉದುರುತ್ತವೆ ಅಂತ ಮಕ್ಕಳಿಗೆ ಕೊಡುವುದೂ ಇಲ್ಲ.

ಮೊಬೈಲ್, ಸ್ಮಾರ್ಟ್ ಕ್ಲಾಸ್

ಆಸ್ಟ್ರಿಯಾದ ಸಾಲ್ಜ್‌ಬರ್ಗಿನಲ್ಲಿ 2001ರಲ್ಲಿ ಹುಟ್ಟಿದ ಜಿಯೋಜೀಬ್ರಾ ತಂತ್ರಾಂಶವನ್ನು ಶಾಲೆಗಳು ಪುಕ್ಕಟೆ ಬಳಸಬಹುದು. ಬೆರಳಿನಿಂದ ಎಳೆದರೆ ಘನ ತಿರುಗುತ್ತದೆ, ಬಿಚ್ಚಿಕೊಂಡು ಜಾಲಾಕೃತಿ ಆಗುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ನೋಡಲು ಬಹಳ ಚೆಂದ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಹಿಡಿದರೆ ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ವಿಡಿಯೊಗಳೂ ಸಿಗುತ್ತವೆ.

ಆದರೆ ಪರದೆ ಚಪ್ಪಟೆ. ಅದರಲ್ಲಿ ಕಾಣುವ ಘನದ ಪಕ್ಕದ ಮುಖ ಚೌಕವಾಗಿ ಕಾಣುವುದಿಲ್ಲ, ವಾಲಿದ ಚತುರ್ಭುಜವಾಗಿ ಕಾಣುತ್ತದೆ. ಅದು ಚೌಕವೇ ಅಂತ ಮನಸ್ಸಿನಲ್ಲಿ ತಿದ್ದಿಕೊಳ್ಳಲು ಮಗು ಮೊದಲು ನಿಜವಾದ ಘನ ಹಿಡಿದಿರಬೇಕು. ಕೈಯಲ್ಲಿ ಮಾಡಿ ಮುಗಿದ ಮೇಲೆ, ಐದನೇ ಕ್ಲಾಸಿನ ಹೊತ್ತಿಗೆ ಪರದೆ ಒಳ್ಳೆಯ ಜೊತೆ. 11 ಜಾಲಾಕೃತಿ ಹುಡುಕಿದ ಮಕ್ಕಳಿಗೆ ಅದನ್ನು ಜಿಯೋಜೀಬ್ರಾದಲ್ಲಿ ತೋರಿಸಿದರೆ ಕುಣಿಯುತ್ತಾರೆ. ಮೊದಲೇ ತೋರಿಸಿದರೆ ಸುಮ್ಮನೆ ನೋಡುತ್ತಾರೆ. ಕರೆಂಟ್ ವಿಷಯ ನಾನು ಹೇಳುವುದು ಬೇಡ.

ವಿಜಯಪುರದ ಕಡೆಯವರಿಗೆ ಪರದೆಗಿಂತ ದೊಡ್ಡ ಪಾಠ ಊರಲ್ಲೇ ಇದೆ. ಗೋಲಗುಮ್ಮಟ ಅಂದರೆ ಒಂದು ಬದಿ ಸುಮಾರು 47 ಮೀಟರಿನ ದೊಡ್ಡ ಘನದ ಮೇಲೆ ಕೂತ ಅರ್ಧಗೋಳ. ನಾಲ್ಕು ಮೂಲೆಯಲ್ಲಿ ಎಂಟು ಮುಖದ ಮಿನಾರುಗಳು. ಮೈಸೂರು ಕಡೆಯವರು ಸೋಮನಾಥಪುರ ದೇವಸ್ಥಾನದ ನಕ್ಷತ್ರಾಕಾರದ ಜಗಲಿ ನೋಡಿಸಿ, ಸುತ್ತ ನಡೆಸಿ ಮೂಲೆ ಎಣಿಸಲು ಹೇಳಿ. ಪ್ರವಾಸ ಹೇಗಿದ್ದರೂ ಹೋಗುತ್ತೀರಲ್ಲ.

ಹಾಗಾದರೆ ನಿಮಗೆ ಯಾವುದು?

ನಲಿ-ಕಲಿಯ ಒಂದರಿಂದ ಮೂರರ ಮಕ್ಕಳು ಒಟ್ಟಿಗೆ ಕೂತಿರುವ ಕೋಣೆ, ಕೈಯಲ್ಲಿ ದುಡ್ಡಿಲ್ಲ. ಡಬ್ಬಿ ಮತ್ತು ಮಣ್ಣು ಸಾಕು. ಚಿಕ್ಕವರು ವಿಂಗಡಿಸಲಿ: ಯಾವುದು ಉರುಳುತ್ತದೆ, ಯಾವುದು ಜಾರುತ್ತದೆ, ಯಾವುದು ಎರಡೂ ಮಾಡುತ್ತದೆ. ಮೂರನೆಯವರು ಅಚ್ಚೊತ್ತಿ ಮುಖಗಳ ಹೆಸರು ಬರೆಯಲಿ. ಘನಾಕೃತಿಯಿಂದಲೇ ಶುರು ಮಾಡಿ. ಮಗು ದಿನಾ ಹಿಡಿಯುವುದು ಅದನ್ನೇ, ದಪ್ಪವೇ ಇಲ್ಲದ ಚೌಕವನ್ನು ಯಾರೂ ಹಿಡಿದಿಲ್ಲ.

ನಾಲ್ಕು, ಐದನೇ ಕ್ಲಾಸು, ಮೂವತ್ತು ನಲವತ್ತು ಮಕ್ಕಳು, ಐನೂರರ ಒಳಗಿನ ಖರ್ಚು. ಕಡ್ಡಿ, ವಾಲ್ವ್ ಟ್ಯೂಬ್, ಚೌಕುಳಿ ಹಾಳೆ. ವಕ್ರ ಮೈಯ ಆಕೃತಿಗಳಿಗೆ ಡಬ್ಬಿ, ಟೋಪಿ. ಶಂಕುವಿಗೆ ಎಷ್ಟು ಅಂಚು, ಎಷ್ಟು ಮುಖ ಅನ್ನುವ ತಕರಾರು ಬಂದೇ ಬರುತ್ತದೆ, ಪುಸ್ತಕದಿಂದ ಪುಸ್ತಕಕ್ಕೆ ಎಣಿಸುವ ರೀತಿ ಬೇರೆ. ನಿಮ್ಮ ಪಠ್ಯಪುಸ್ತಕ ಹೇಳಿದ್ದನ್ನು ಹಿಡಿಯಿರಿ, ಮಕ್ಕಳ ವಾದವನ್ನೂ ಕೇಳಿ.

ಕಿಟ್ ಒಂದೇ ಇದೆ, ಮಕ್ಕಳು ಜಾಸ್ತಿ. ಮೇಜಿನ ಮೇಲಿಟ್ಟು ತೋರಿಸುವ ಬದಲು ನಾಲ್ಕು ಮೂಲೆಯಲ್ಲಿ ನಾಲ್ಕು ಕೆಲಸ ಹಂಚಿ. ಒಂದು ಕಡೆ ಕಿಟ್, ಒಂದು ಕಡೆ ಕಡ್ಡಿ, ಒಂದು ಕಡೆ ಮಣ್ಣು, ಒಂದು ಕಡೆ ಚುಕ್ಕಿ. ಗುಂಪು ತಿರುಗಲಿ.

ಕಣ್ಣು ಸರಿಯಾಗಿ ಕಾಣದ ಮಗು ಕ್ಲಾಸಿನಲ್ಲಿದ್ದರೆ ಲೆಕ್ಕ ಬದಲಾಗುತ್ತದೆ. ಆಗ ಗಟ್ಟಿ ಅಂಚಿನ ಮರದ ಸೆಟ್ ಕೊಳ್ಳಲೇಬೇಕು, ಜಿಯೋಬೋರ್ಡೂ ಬೇಕು. ಮೊಬೈಲು, ಚಾರ್ಟು ಆ ಮಗುವಿಗೆ ಸಾಲುವುದಿಲ್ಲ.

ಮನೆಯಲ್ಲಿ ಒಂದೇ ಮಗು. ಏನೂ ಕೊಳ್ಳಬೇಡಿ. ಖಾಲಿಯಾದ ಡಬ್ಬಿ, ನೆನೆಸಿದ ಕಡಲೆ, ಟೂತ್‌ಪಿಕ್, ಅಡುಗೆಮನೆಯ ಸೌತೆಕಾಯಿ.

ದುಡ್ಡು ಇರುವ ಶಾಲೆ ಸ್ಮಾರ್ಟ್ ಬೋರ್ಡ್‌ಗೆ ಹೋಗುವ ಮುಂಚೆ ಪ್ರತಿ ಮಗುವಿಗೂ ಒಂದು ಹಿಡಿ ಒಂದು ಸೆಂಟಿಮೀಟರ್ ಘನಗಳು, ನಾಲ್ಕು ಮಕ್ಕಳಿಗೊಂದು ಬಿಚ್ಚುವ ಪಾರದರ್ಶಕ ಸೆಟ್ ಕೊಳ್ಳಲಿ. ಆ ಪುಟ್ಟ ಘನಗಳು ಮುಂದೆ ವಿಸ್ತೀರ್ಣ, ಘನಫಲದ ಪಾಠಕ್ಕೂ ಬರುತ್ತವೆ.

ಯಾವುದನ್ನೇ ಆರಿಸಿ, ಕೆಲಸ ಮಾಡಿತಾ ಅಂತ ನೋಡಲು ಒಂದು ಬಟ್ಟೆ ಚೀಲ ಸಾಕು. ಚೀಲದೊಳಗೆ ಒಂದು ಆಕೃತಿ ಹಾಕಿ. ಮಗು ಒಳಗೆ ಕೈ ಹಾಕಿ, ಹೆಸರು ಹೇಳದೆ, ಮುಟ್ಟಿದ್ದನ್ನು ವರ್ಣಿಸಬೇಕು. ಉಳಿದವರು ಹೆಸರು ಹೇಳಬೇಕು. 'ಸೋಪಿನ ಡಬ್ಬಿ ಥರ' ಅಂದರೆ ಇನ್ನೂ ಮೊದಲ ಮೆಟ್ಟಿಲು, ಡಬ್ಬಿ ಬಿಚ್ಚುವ ಕೆಲಸವನ್ನೇ ಮುಂದುವರಿಸಿ. 'ಆರು ಮುಖ, ಎಲ್ಲ ಒಂದೇ ಅಳತೆ, ಮೂಲೆ ಎಂಟು' ಅಂದರೆ ಕಡ್ಡಿ ಎತ್ತಿಟ್ಟು ಜಾಲಾಕೃತಿಗೆ ಹೋಗಬಹುದು.